ನನ್ನ ಮೊದಲ ಹರ್ನಿಯಾ

ಮಂಗಳವಾರದ ಪಟ್ಟಿಯಲ್ಲಿ ಮೊದಲ ಹೆಸರು ನಿಂಗರಾಜ, ಮೂರು ವರ್ಷ, ಬಲಗಡೆ ಹರ್ನಿಯಾ. ‘ಇದನ್ನ ನೀನೇ ಮಾಡು ಸೌಮ್ಯ, ನಾನು ಪಕ್ಕದಲ್ಲಿರ್ತೀನಿ’ ಎಂದು ಚನ್ನಬಸವಯ್ಯ ಸರ್ ಹಿಂದಿನ ದಿನವೇ ಹೇಳಿದ್ದರು. ಮಕ್ಕಳ ಶಸ್ತ್ರಚಿಕಿತ್ಸೆ ಕಲಿಯಲು ಸೇರಿ ಎಂಟು ತಿಂಗಳಾಗಿತ್ತು. ಅಲ್ಲಿಯವರೆಗೆ ನಾನು ಬರೀ ದಾರ ಕತ್ತರಿಸಿದವಳು. ಬುಧವಾರಕ್ಕೆ ಸರ್ ಅವರ ಯೂನಿಟ್‌ನಲ್ಲಿ ನನ್ನ ಸರದಿ ಮುಗಿಯುತ್ತಿತ್ತು, ಆಮೇಲಿನ ಆಪರೇಷನ್‌ಗಳೆಲ್ಲ ನನ್ನ ಜೊತೆ ಕಲಿಯುತ್ತಿದ್ದ ರಘುವಿಗೆ.

ಬೆಳಿಗ್ಗೆ ಎಂಟಕ್ಕೆ ಸುದ್ದಗುಂಟೆಪಾಳ್ಯದಿಂದ ಮಗು ಬಂತು, ತಾಯಿ ಶರಣಮ್ಮನ ಸೊಂಟದ ಮೇಲೆ. ಜೊತೆಗೆ ಅವರ ಮನೆ ಓನರ್ ಮುನಿಲಕ್ಷ್ಮಮ್ಮ.

‘ರಾತ್ರಿ ಉಂಡ ಮ್ಯಾಲ ಏನೂ ಕೊಟ್ಟಿಲ್ರಿ ಡಾಕ್ಟರ್ರ’ ಎಂದರು ಶರಣಮ್ಮ. ನರ್ಸ್ ಚೀಟಿಯಲ್ಲೂ ಅದನ್ನೇ ಬರೆದಿದ್ದರು. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಅರಿವಳಿಕೆ ಕೊಟ್ಟಾಗ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು.

ಮಗುವಿನ ಹಣೆಯ ಕುಂಕುಮ ಇನ್ನೂ ಒದ್ದೆಯಾಗಿತ್ತು. ಅದನ್ನು ನೋಡಿ ಕೇಳಿದೆ.

‘ದೇವಸ್ಥಾನಕ್ಕೆ ಹೋಗಿದ್ರಾ?’

‘ನಾನೇ ಕರ್ಕೊಂಡೋಗಿದ್ದೆ ಕಣಮ್ಮ, ಸಪ್ಪಲಮ್ಮನ ಗುಡಿಗೆ’ ಎಂದರು ಮುನಿಲಕ್ಷ್ಮಮ್ಮ.

‘ಅಲ್ಲಿ ತಿನ್ನೋಕೆ ಏನಾದ್ರೂ ಕೊಟ್ರಾ?’

‘ಇಲ್ಲಪ್ಪ. ಪ್ರಸಾದ ಅಷ್ಟೇ. ಅರ್ಧ ಬಾಳೆಹಣ್ಣು, ಒಂಚೂರು ಪೊಂಗಲ್ಲು.’

ಶರಣಮ್ಮ ಹಣೆ ಚಚ್ಚಿಕೊಂಡರು. ‘ಏನ್ ಮಾಡಿದ್ರಿ ಆಂಟಿ!’

‘ಅಯ್ಯೋ, ಉಪವಾಸದ ದಿನಾನೂ ಪ್ರಸಾದ ತಿಂತೀವಲ್ಲಮ್ಮ!’

ಫೋನನ್ನು ನರ್ಸ್ ಕೈಗೆ ಕೊಟ್ಟು ಸರ್ ಆಗಲೇ ಕೈ ತೊಳೆಯುತ್ತಿದ್ದರು. ಹೇಳಿದರೆ ಆಪರೇಷನ್ ನನ್ನ ಕೈ ತಪ್ಪುತ್ತದೆ. ಹೇಳಿದೆ.

‘ಇವತ್ತು ಬೇಡ. ಶುಕ್ರವಾರಕ್ಕೆ ಹಾಕು’ ಎಂದರು, ತಿರುಗದೆ.

ಶುಕ್ರವಾರ ಎಂದರೆ ರಘು. ‘ಸರಿ ಸಾರ್’ ಎಂದು ಹೊರಟೆ.

‘ಏಯ್, ಶುಕ್ರವಾರ ನೀನು ಎಲ್ಲಿರ್ತೀಯ?’

‘ಬೇರೆ ಯೂನಿಟ್ ಸಾರ್.’

‘ಅರ್ಧ ದಿನ ರಜೆ ಹಾಕಿ ಬಾ. ಕೇಳಿ ತಿಳ್ಕೊಂಡವಳು ನೀನು, ನೀನೇ ಮಾಡು. ರಘುಗೆ ನಾನ್ ಹೇಳ್ತೀನಿ.’

ಶುಕ್ರವಾರ ಮಗುವಿನ ತೊಡೆಸಂದಿಯ ಮೇಲೆ ಎರಡು ಬೆರಳಗಲದ ಗೆರೆ ಎಳೆದೆ. ಒಳಗಿನ ಚೀಲ ಈರುಳ್ಳಿಯ ಪೊರೆಯಷ್ಟು ತೆಳು. ಅದಕ್ಕೆ ಅಂಟಿಕೊಂಡ ವೀರ್ಯನಾಳವನ್ನು ಬಿಡಿಸುವಾಗ ನನ್ನ ಉಸಿರು ನನಗೇ ಕೇಳುತ್ತಿತ್ತು. ಈ ಸಲ ದಾರ ಕತ್ತರಿಸಿದ್ದು ಎದುರಿಗೆ ನಿಂತ ಸರ್.

‘ಐವತ್ತು ನಿಮಿಷ’ ಎಂದರು, ಕೊನೆಯ ಹೊಲಿಗೆಯಾದ ಮೇಲೆ. ‘ನನ್ನ ಮೊದಲನೇದಕ್ಕೆ ಒಂದೂವರೆ ಗಂಟೆ ಹಿಡೀತು. ಯಾರಿಗೂ ಹೇಳ್ಬೇಡ.’

ಹೊರಗೆ ಶರಣಮ್ಮ ಎದ್ದು ನಿಂತರು.

‘ಆತೇನ್ರಿ?’

‘ಆಯ್ತು’ ಎಂದೆ. ‘ಎಚ್ಚರ ಆಗಿದೆ. ಬನ್ನಿ, ನಿಮ್ಮನ್ನೇ ಕೇಳ್ತಾ ಇದಾನೆ.’