ಸಿಟ್‌ಗ್ರೀವ್ಸ್ ಘಾಟಿಯನ್ನು ಹಿಮ್ಮುಖವಾಗಿ ಹತ್ತಿದ್ದು

ಸ್ಯಾಂಟಾ ಮೋನಿಕಾದ ಕಡಲತೀರದಿಂದ ಶಿಕಾಗೋವರೆಗೆ ಹಳೆಯ ರೂಟ್ 66 ಹೆದ್ದಾರಿಯಲ್ಲೇ ಹೋಗಬೇಕೆಂದು ಹಟ ಹಿಡಿದವಳು ನನ್ನ ಅಕ್ಕ ವಿಲ್ಡಾ. ಅದೂ ತಾತ ಓಡಿಸುತ್ತಿದ್ದ ಫೋರ್ಡ್ ಕಾರಿನಲ್ಲಿ. ಅವಳಿಗೆ ಎಪ್ಪತ್ತು ದಾಟಿತ್ತು, ನನಗೂ ಎಪ್ಪತ್ತು ಹತ್ತಿರವಾಗಿತ್ತು. ಕಾರಿಗೆ ನಮ್ಮಿಬ್ಬರಿಗಿಂತ ಹೆಚ್ಚು ವಯಸ್ಸು.

ಮರುಭೂಮಿ ದಾಟಿ ಓಟ್‌ಮನ್ ಎಂಬ ಪುಟ್ಟ ಊರಿಗೆ ಬಂದಾಗ ಬೀದಿಯ ಕತ್ತೆಗಳು ಕಾರಿನೊಳಗೆ ಮೂತಿ ತೂರಿಸಿ ಅಕ್ಕನ ಹ್ಯಾಟು ಮೂಸಿದವು. ನಗುತ್ತಲೇ ಊರು ಬಿಟ್ಟೆವು. ಮುಂದೆ ಸಿಟ್‌ಗ್ರೀವ್ಸ್ ಘಾಟಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ತಡೆಗೋಡೆಯಿಲ್ಲ.

ಕಡಿದಾದ ತಿರುವೊಂದರಲ್ಲಿ ಎಂಜಿನ್ ಕೆಮ್ಮಿ ನಿಂತೇಬಿಟ್ಟಿತು.

"ಪೆಟ್ರೋಲು ಮುಗೀತಾ?" ಅಂದೆ.

"ಇದೆ ಕಣೇ. ಟ್ಯಾಂಕು ಸೀಟಿನ ಕೆಳಗಿರೋದು. ಏರಲ್ಲಿ ಕಾರಿನ ಮೂತಿ ಮೇಲೆದ್ರೆ ಪೆಟ್ರೋಲು ಎಂಜಿನ್ನಿಗೆ ಹರಿಯಲ್ಲ. ತಾತ ಇಲ್ಲಿ ಕಾರು ತಿರುಗಿಸಿ ರಿವರ್ಸಲ್ಲೇ ಹತ್ತಿಸ್ತಿದ್ರು."

"ಹಂಗಾದ್ರೆ ಹತ್ತಿಸು."

ಅಕ್ಕ ಕತ್ತು ನೀವಿಕೊಂಡಳು. "ಈ ಕತ್ತು ಹಿಂದಕ್ಕೆ ತಿರುಗಿ ಯಾವ ಕಾಲ ಆಯ್ತೋ! ನೀನೇ ಓಡಿಸ್ಬೇಕು, ನೆಟ್ಟೀ."

"ನಾನಾ? ಇದರ ಸ್ಟೀರಿಂಗು ಮುಟ್ಟೋಕೂ ಬಿಟ್ಟವಳಲ್ಲ ನೀನು!"

"ಈಗ ಬಿಡ್ತಿದೀನಲ್ಲ! ನಡುವಿನ ಪೆಡಲ್ಲೇ ರಿವರ್ಸು, ಅದನ್ನ ಒತ್ತು. ಅಳೋದಿದ್ರೆ ಮೇಲೆ ಹೋಗಿ ಅಳು."

ರಸ್ತೆ ತುಸು ಅಗಲವಾಗಿದ್ದ ಜಾಗಕ್ಕೆ ಕಾರನ್ನು ಹಿಂದಕ್ಕೆ ಜಾರಿಸಿ, ತಿರುಗಿಸಿ ನಿಲ್ಲಿಸಿದೆವು. ಎಂಜಿನ್ ಮತ್ತೆ ಗುಡುಗಿತು. ನಾನು ಸ್ಟೀರಿಂಗಿನ ಮುಂದೆ ಕೂತು, ಸೀಟಿನ ಬೆನ್ನಿಗೆ ಕೈಯೂರಿ, ಹಿಂದೆ ನೋಡುತ್ತ ಪೆಡಲ್ಲು ಒತ್ತಿದೆ. ಕಾರು ಹಿಮ್ಮುಖವಾಗಿ ಏರತೊಡಗಿತು!

"ಬಂಡೆ ಕಡೆಗೆ! ಇನ್ನೂ! ಅಯ್ಯೋ, ಇಷ್ಟೂ ಬೇಡ, ಬಾಗಿಲು ಕಿತ್ತುಹೋಗತ್ತೆ!" ಎಂದು ಅಕ್ಕ ಕೂಗುತ್ತಿದ್ದಳು.

ಅಷ್ಟರಲ್ಲಿ ಮೇಲಿನಿಂದ ಬೈಕುಗಳ ಸಾಲೊಂದು ಇಳಿದು ಬಂತು. ನಾನು ಗಕ್ಕನೆ ಬ್ರೇಕು ಹಾಕಿದೆ. ಗಡ್ಡದವನೊಬ್ಬ ಹೆಲ್ಮೆಟ್ಟು ತೆಗೆದು, "ಅಜ್ಜೀ, ದಾರಿ ತಪ್ಪಿತಾ, ದಿಕ್ಕು ತಪ್ಪಿತಾ?" ಎಂದ.

"ಎರಡೂ ಸರಿಯಾಗೇ ಇದೆ. ಜಾಗ ಬಿಡಪ್ಪ!" ಅಂದೆ.

ಅವರು ಹೋ ಎಂದು ನಕ್ಕು ಬೈಕುಗಳನ್ನು ರಸ್ತೆಯಂಚಿಗೆ ಒತ್ತಿಸಿ ನಿಲ್ಲಿಸಿದರು. ಗಡ್ಡದವನು ಮಾತ್ರ ಮತ್ತೆ ಮೇಲಕ್ಕೆ ಹೋಗಿ, ಎದುರು ಬರುವ ವಾಹನಗಳನ್ನು ತಡೆದ. ಉಳಿದವರ ಸಿಳ್ಳೆ ಬೆಟ್ಟಕ್ಕೆಲ್ಲ ಕೇಳಿಸಿತು.

ನೆತ್ತಿ ಮುಟ್ಟಿದಾಗ ಕಾರು ನಿಲ್ಲಿಸಿದೆ. ಕೆಳಗೆ ಬೆಟ್ಟಗಳ ಆಚೆ ಕ್ಯಾಲಿಫೋರ್ನಿಯಾ, ನೆವಾಡಾ ನೀಲಿಯಾಗಿ ಹರಡಿದ್ದವು. ಅಕ್ಕ ನನ್ನ ಕೆನ್ನೆ ಹಿಂಡಿ ಮುದ್ದಿಟ್ಟಳು. ಆಮೇಲೆ, "ಸರಿ, ಇಳಿ. ಇನ್ಮೇಲೆ ನಾನು" ಎಂದಳು.

"ಉಹುಂ. ನೀನು ಸುಮ್ನೆ ಬೆಟ್ಟ ನೋಡ್ಕೊಂಡು ಕೂತ್ಕೋ, ಅಕ್ಕಾ."

ಕಾರನ್ನು ನೇರ ಮಾಡಿಕೊಂಡು ಇಳಿಜಾರಿಗೆ ಬಿಟ್ಟೆ. ಬಯಲು ಸಿಗುವವರೆಗೂ ಅವಳು ಬೈಯುತ್ತಲೇ ಇದ್ದಳು, ನಾನು ಗಟ್ಟಿಯಾಗಿ ಹಾಡುತ್ತಲೇ ಇದ್ದೆ.