ಮುತ್ತವ್ವನ ವಿರೋಧ

ನಮ್ಮೂರ ಪುರಸಭೆಗೆ ನೂರು ವರ್ಷ ತುಂಬುತ್ತದೆಂದು ಅದರ ಇತಿಹಾಸ ಬರೆಯುವ ಕೆಲಸವನ್ನು ನನಗೆ ಗಂಟು ಹಾಕಿದ್ದಾರೆ. ಜಮಖಂಡಿಯ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು ನಾನು, ಮನೆಮಾತು ಮರಾಠಿ; ಸಂಸ್ಥಾನದ ಕಾಲದ ಮರಾಠಿ ನಡಾವಳಿ ಪುಸ್ತಕಗಳನ್ನು ಹರ್ಷದಾ ಬಾಯಿಯವರೇ ಓದಲಿ ಎಂದರು. ಓದಿದೆ, ಓದಿ ಮೈಯೆಲ್ಲ ಉರಿಯಿತು. ರಾಜರ ಕಾಲದಿಂದ ಮೊನ್ನೆಯವರೆಗೆ ಯಾವ ಠರಾವಿಗೂ ಒಬ್ಬರ ವಿರೋಧವಿಲ್ಲ. ಎಲ್ಲವೂ ಸರ್ವಾನುಮತ! ನೀರಿನ ಟ್ಯಾಂಕರ್ ಬಂದರೆ ಕೊಡ ಒಡೆಯುವಷ್ಟು ಜಗಳವಾಡುವ ಊರು ಇದು.

ಹೇಗೆಂದು ಕಳೆದ ತಿಂಗಳ ಸಭೆಯಲ್ಲಿ ಕಣ್ಣಾರೆ ಕಂಡೆ. ಸದಸ್ಯರು ಒಳಗೆ ಬರುವಾಗಲೇ ಖಾಲಿ ಹಾಳೆಗೆ ಸಹಿ ಹಾಕಿ ಚಹಾಕ್ಕೆ ಕೂರುತ್ತಾರೆ. ಸಹಿಯ ಮೇಲೆ ಬೇಕಾದ ಠರಾವನ್ನು ಗುಮಾಸ್ತ ಗಿರಮಲ್ಲಪ್ಪ ಆಮೇಲೆ ಬರೆಯುತ್ತಾನೆ. ಸಹಿ ಹಾಕದಿದ್ದರೆ ಗೈರುಹಾಜರಿ.

ಅವತ್ತು ಕಾಯಿಪಲ್ಲೆ ಬಜಾರ ಕೆಡವಿ ಕಾಂಪ್ಲೆಕ್ಸ್ ಕಟ್ಟುವ ವಿಷಯವಿತ್ತು. ಅದೇ ಬಜಾರದಲ್ಲಿ ಬದನೆಕಾಯಿ ಮಾರುತ್ತ, ಅಲ್ಲಿನ ಹೆಂಗಸರ ಓಟಿನಿಂದಲೇ ಗೆದ್ದು ಬಂದ ಮುತ್ತವ್ವ ಎದ್ದು ನಿಂತು, "ನಾ ಒಪ್ಪಂಗಿಲ್ಲ" ಎಂದು ಗಂಟಲು ಹರಿಯುವಂತೆ ಕೂಗಿದಳು. ಪುಸ್ತಕದಲ್ಲಿ ಮಾತ್ರ ಸರ್ವಾನುಮತ, ಕೆಳಗೆ ಅವಳ ಸಹಿ. ಅದರ ನಕಲನ್ನು ಅಧ್ಯಕ್ಷ ಪರಮಾನಂದ ಬಜಾರದ ಗೋಡೆಗೇ ಅಂಟಿಸಿದ. ಅಂದಿನಿಂದ ಬಜಾರದಲ್ಲಿ ಮುತ್ತವ್ವನನ್ನು ಯಾರೂ ಮಾತಾಡಿಸುತ್ತಿಲ್ಲ.

ಈ ತಿಂಗಳ ಸಭೆಯ ಮೊದಲ ವಿಷಯ, ಎಂದಿನಂತೆ, ಹಿಂದಿನ ನಡಾವಳಿ ಖಾಯಂ ಮಾಡುವುದು. ಓದುವ ಮೊದಲೇ ಎಲ್ಲರೂ "ಖಾಯಂ, ಖಾಯಂ" ಎಂದು ಟೇಬಲ್ ಕುಟ್ಟಿದರು.

"ಖಾಯಂ ಇಲ್ಲರಿ. ನಾ ಬ್ಯಾಡ ಅಂದದ್ದು ಬರೀರಿ," ಎಂದಳು ಮುತ್ತವ್ವ.

ಪರಮಾನಂದ ನಕ್ಕ. "ನೀವು ಹಂಗ ಅಂದ ನೆನಪು ನನಗಿಲ್ಲರಿ ಮುತ್ತವ್ವಾರ. ಸಭಾದವ್ರನ್ನ ಕೇಳೂಣು. ಮುತ್ತವ್ವಾರು ವಿರೋಧ ಮಾಡಿದ್ರು ಅನ್ನಾವ್ರು ಕೈ ಎತ್ರಿ."

ಅವಳದೊಂದೇ ಕೈ. ಹಿಂದಿನ ಬೆಂಚಿನಿಂದ ನಾನೂ ಎತ್ತಿದೆ. "ಬಾಯಾರ, ನೀವು ಸದಸ್ಯರಲ್ಲ," ಎಂದ ಪರಮಾನಂದ. ಅವತ್ತು ಅವಳ ಸೆರಗು ಜಗ್ಗಿ "ಕುಂಡ್ರಬೇ" ಎಂದು ಗದರಿದವರೇ ಈಗ ಬಸಿಯಲ್ಲಿ ಮುಖ ಹುದುಗಿಸಿ ಚಹಾ ಹೀರುತ್ತಿದ್ದರು. ನಾಚಿಕೆಗೆಟ್ಟವರು!

"ಬರಕೋ ಗಿರಮಲ್ಲಪ್ಪ."

"ಹೆಂಗ ಬರೀಲಿರಿ ಸಾಹೇಬ್ರ?"

"ಯಾವಾಗ್ಲೂ ಬರಿಯೂಹಂಗ."

ಬರೆದು ಗಟ್ಟಿಯಾಗಿ ಓದಿದ: "ಶ್ರೀಮತಿ ಮುತ್ತವ್ವ ಇವರು ಹಿಂದಿನ ಸಭೆಯಲ್ಲಿ ವಿರೋಧಿಸಿರಲಿಲ್ಲವೆಂದು ಸರ್ವಾನುಮತದಿಂದ ಠರಾಯಿಸಲಾಯಿತು."

"ನಾನೂ ಒಪ್ಪೀನಂತ ಬರದಿಯಲ್ಲೋ!" ಎಂದು ಮುತ್ತವ್ವ ಚೀರಿದಳು. ಗಿರಮಲ್ಲಪ್ಪ ಹಾಳೆಯ ಬುಡ ತೋರಿಸಿದ. ಬಾಗಿಲಲ್ಲಿ ಹಾಕಿದ ಅವಳ ಸಹಿ ಅಲ್ಲಿತ್ತು.

ನನಗೆ ತಡೆಯಲಾಗಲಿಲ್ಲ. ಅವಳ ರಟ್ಟೆ ಹಿಡಿದು ನೇರ ಬಜಾರಕ್ಕೆ ಕರೆದೊಯ್ದೆ. ಅವಳ ಪಕ್ಕದಲ್ಲೇ ಸೊಪ್ಪು ಮಾರುವ ತಂಗೆವ್ವನ ಮುಂದೆ ನಿಂತು, "ಈಕಿ ಬ್ಯಾಡಂತ ಒದರಿದ್ದು ನಾ ಕಿವಿಯಾರೆ ಕೇಳೀನಿ, ಖರೆ ಹೇಳತೀನಿ," ಎಂದೆ.

ತಂಗೆವ್ವ ಮೆಂತ್ಯದ ಸೂಡಿಗೆ ನೀರು ಚಿಮುಕಿಸುತ್ತ ಕೇಳಿದಳು: "ಪುರಸಭಾದ ಬುಕ್ಕಿನ್ಯಾಗ ಐತೇನ್ರಿ?"

"ಇಲ್ಲ. ಅವರು ಬರಿಯೂದಿಲ್ಲ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಕಾಂಪ್ಲೆಕ್ಸಿನ್ಯಾಗ ನಿಮಗೂ ಒಂದು ಮಳಿಗಿ ಕೊಟ್ಟಾರೇನ್ರಿ ಬಾಯಾರ?"