ಬಯಕೆಯ ಬಾಟಲಿ

ನನ್ನ ಹೆಂಡತಿ ಹುಲಿಗೆವ್ವನ ಕೈಗೆ ಮೊದಲ ಪೆಟ್ರೋಲ್ ಬಟ್ಟೆ ಕೊಟ್ಟವನು ನಾನೇ. ಮುಂದೆ ಓಣಿಯವರು ಅವಳನ್ನು ಹುಚ್ಚಿ ಅಂದರು, ಗಾಳಿ ಬಡಿದವಳು ಅಂದರು. ನಾನು ಕೇಳಿಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ಅದಕ್ಕೇ ಈ ಮಾತನ್ನು ಮೊದಲು ಹೇಳಿಬಿಡುತ್ತೇನೆ.

ಅದು ಅರವತ್ತೊಂದನೆಯ ಇಸವಿ. ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಲಾಡಲೇಸಾಬ ಮಿಸ್ತ್ರಿಯ ಲಾರಿ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದೆ. ಗೋಳಗುಮ್ಮಟದ ಹಿಂದೆ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದೆವು. ನಾನು ತಿಕೋಟಾದವನು, ಹುಲಿಗೆವ್ವ ಬಬಲೇಶ್ವರದವಳು. ಮೊದಲ ಬಸಿರು ನಾಲ್ಕನೆಯ ತಿಂಗಳಿಗೇ ಇಳಿದುಹೋಗಿತ್ತು. ತಿಕೋಟಾದಲ್ಲಿದ್ದ ನನ್ನ ಅವ್ವ ಹನಮವ್ವ ಅದಕ್ಕೆ ನನ್ನನ್ನೇ ಹೊಣೆ ಮಾಡಿದ್ದಳು.

"ಮಾದಲಿ ಬೇಕಂತ ಬಾಯಿಬಿಟ್ಟು ಕೇಳಿದ್ಲಂತ. ನಾಳಿ, ನಾಡದ ಅಂತ ತಳ್ಳಿದಿ. ಬಸುರಿ ಬಯಕಿ ತಳ್ಳಬಾರದೋ ಮೂಳಾ."

ಎರಡನೆಯ ಸಲ ಅವಳಿಗೆ ದಿನ ನಿಂತಾಗ, ಕೇಳಿದ್ದನ್ನು ಕೇಳಿದ ದಿನವೇ ತಂದುಕೊಡಬೇಕು ಎಂದು ಹಟ ಹಿಡಿದೆ. ಮೂರನೆಯ ತಿಂಗಳಿನಿಂದ ಒಂದು ಹೊಸದು ಶುರುವಾಯಿತು. ನಾನು ಗ್ಯಾರೇಜಿನಿಂದ ಬಂದ ಕೂಡಲೇ ಅವಳು ನನ್ನ ಅಂಗಿಗೆ ಮುಖ ಒತ್ತಿ ನಿಲ್ಲುವಳು. ಮದುವೆಯಾಗಿ ಮೂರು ವರ್ಷದಲ್ಲಿ ಒಂದು ದಿನವೂ ಹಾಗೆ ಮಾಡಿದವಳಲ್ಲ. ನನಗೆ ಹಿಗ್ಗೋ ಹಿಗ್ಗು. ನಾಲ್ಕು ದಿನದ ಮೇಲೆ ತಿಳಿಯಿತು, ಅವಳಿಗೆ ಬೇಕಾದದ್ದು ನಾನಲ್ಲ, ಅಂಗಿಗೆ ಹತ್ತಿದ ಪೆಟ್ರೋಲಿನ ವಾಸನೆ.

ಅವ್ವನಿಗೆ ಹೇಳಿದೆ. ಅವಳು ನಕ್ಕುಬಿಟ್ಟಳು. "ಮಣ್ಣು ತಿನ್ನವ್ರು ಅದಾರ, ಇದ್ದಲಿ ತಿನ್ನವ್ರು ಅದಾರ. ಇಕಿದು ವಾಸನಿ. ತಂದುಕೊಡು. ಬಯಕಿ ತೀರಲಿಲ್ಲಂದ್ರ ಕೂಸಿನ ಕಿವಿ ಸೋರ್ತಾವ."

ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನು ಡಬ್ಬಿಯಲ್ಲಿ ಹಾಕಿ ತಂದೆ. ಮರುದಿನವೂ ತಂದೆ. ಪಕ್ಕದ ಖೋಲಿಯ ರೋಶನಬಿ ದವಾಖಾನೆಯಲ್ಲಿ ಆಯಾ ಕೆಲಸ ಮಾಡುತ್ತಿದ್ದಳು, ನಮಗಿಂತ ಹಿರಿಯಳು. ಅವಳು ಬಾಗಿಲಲ್ಲಿ ನಿಂತು ಕೇಳಿದಳು, "ಏ ಹುಲಿಗೆವ್ವಾ, ನೀ ಕೂಸು ಹಡೀತಿಯೋ, ಲಾರಿ ಹಡೀತಿಯೋ?"

"ಲಾರಿ ಹಡದ್ರ ಛಲೋ ಆತಲ್ರೀ ಅಕ್ಕಾ, ಹುಟ್ಟಿದ ದಿನಾನ ದುಡೀತದ."

ಎಲ್ಲರೂ ನಕ್ಕೆವು. ಆಮೇಲೆ ರೋಶನಬಿ ನನ್ನನ್ನು ಹೊರಗೆ ಕರೆದು, "ದಿನಾ ಬ್ಯಾಡೋ ರಾಯಪ್ಪಾ, ಅದು ಛಲೋ ಅಲ್ಲ," ಅಂದಳು. "ನಿನ್ನ ಮನಿದು ನೀ ನೋಡ್ಕೋ," ಅಂದೆ.

ಸೀಮಂತದ ಕುಬಸ ಮುಗಿಸಿ ಅವಳನ್ನು ಹಡೆಯಲು ಬಬಲೇಶ್ವರಕ್ಕೆ ಕಳಿಸುವ ದಿನ ಅವ್ವ ಕರ್ಚೀಕಾಯಿ ಕಟ್ಟಿಕೊಟ್ಟಳು. ನಾನು ಒಂದು ತುಂಬಿದ ಬಾಟಲಿ ಕಟ್ಟಿಕೊಟ್ಟೆ. ಬಿರಡೆ ಬಿಗಿಮಾಡಿ, ಬಟ್ಟೆ ಸುತ್ತಿ, ಬಸ್ಸಿನಲ್ಲಿ ಅವಳ ಕಾಲ ಬಳಿ ಜೋಪಾನವಾಗಿ ಇಟ್ಟೆ. ನನ್ನಂಥ ಗಂಡ ಯಾರಿಗೆ ಸಿಗುತ್ತಾನೆ ಎಂದುಕೊಂಡಿದ್ದೆ.

ಹೆಣ್ಣು ಕೂಸು ಹುಟ್ಟಿತು. ಸಣ್ಣದು, ಆದರೆ ಗಟ್ಟಿಯಾಗಿ ಅಳುತ್ತಿತ್ತು. ಪರಸವ್ವ ಎಂದು ಹೆಸರಿಟ್ಟೆವು. ಐದು ತಿಂಗಳಿಗೆ ತಾಯಿ ಮಗಳು ಮರಳಿ ಬಂದರು. ಬಂದ ಸಂಜೆಯೇ ಹುಲಿಗೆವ್ವ ಡಬ್ಬಿ ಕೇಳಿದಳು.

"ಹಡದಾತು. ಇನ್ನೆಂಥಾ ಬಯಕಿ ಬೇ?"

"ಇಲ್ಲಂದ್ರ ತಲಿ ಸಿಡೀತದ್ರಿ. ಸ್ವಲ್ಪ. ಇದೊಂದ ಸಲ."

ಇದೊಂದ ಸಲ ಎಂದು ಎಷ್ಟು ಸಲ ತಂದೆನೋ ಲೆಕ್ಕವಿಲ್ಲ. ಆಮೇಲೆ ಅವಳ ಮಾತು ತೊದಲತೊಡಗಿತು. ಒಲೆಯ ಮೇಲೆ ಹಾಲು ಇಟ್ಟು ಮರೆಯುವಳು. ಒಂದು ದಿನ ಕೂಸನ್ನು ಹೊಸ್ತಿಲ ಮೇಲೆ ಮಲಗಿಸಿ, ಎಲ್ಲಿಟ್ಟೆ ಎಂದು ಓಣಿಯೆಲ್ಲ ಹುಡುಕಿದಳು. ಅಂದಿನಿಂದ ನಾನು ತರುವುದನ್ನು ನಿಲ್ಲಿಸಿದೆ. ಅವಳು ಬಾಟಲಿ ಹಿಡಿದು ತಾನೇ ಸ್ಟೇಷನ್ ರಸ್ತೆಗೆ ಬಂದಳು. ಗಂಡನಿಗೆ ಕೈ ತೊಳೆಯಲು ಬೇಕು ಎಂದು ಸುಳ್ಳು ಹೇಳಿ ಲಾರಿಯವರಿಂದ ಬೇಡಿ ಒಯ್ದಳು. ಆ ಸುದ್ದಿ ಗ್ಯಾರೇಜಿನಲ್ಲಿ ಎಲ್ಲರೆದುರು ನನ್ನ ಕಿವಿಗೆ ಬಿತ್ತು. ಮನೆಗೆ ಹೋಗಿ ಹೊಡೆದೆ. ಆಮೇಲೆಯೂ ಹೊಡೆದಿದ್ದೇನೆ. ಹೊಡೆದಾಗೆಲ್ಲ "ಬಿಡ್ತೀನ್ರಿ" ಅನ್ನುವಳು. ಎರಡು ದಿನ ಬಿಡುವಳು. ಕೈ ನಡುಗುವವು, ವಾಂತಿಯಾಗುವುದು, ಮತ್ತೆ ಅದೇ.

"ನಮ್ಮ ಡಾಕ್ಟರಬಾಯಿಗೆ ತೋರಸು. ಇದು ನಿನ್ನ ಕೈಲೆ ಆಗೂದಲ್ಲ," ಎಂದು ರೋಶನಬಿ ಎಷ್ಟೋ ಸಲ ಹೇಳಿದಳು. ನಾನು ಒಯ್ಯಲಿಲ್ಲ. ಡಾಕ್ಟರು ಮೊದಲು ಕೇಳುವುದೇ ಇದು, ಹೇಗೆ ಹತ್ತಿತು ಎಂದು. ಗಂಡನೇ ಹಚ್ಚಿದ ಎಂದು ಯಾವ ಬಾಯಿಂದ ಹೇಳಲಿ? ನನ್ನ ಆ ಒಂದು ಮಾತನ್ನು ಮುಚ್ಚಿಡಲು ಹೋಗಿ ವರ್ಷ ಕಳೆದೆ. ಕೂಸನ್ನು ತಿಕೋಟಾಕ್ಕೆ ಅವ್ವನ ಹತ್ತಿರ ಬಿಟ್ಟೆ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಹುಲಿಗೆವ್ವನನ್ನು ಒಳಗೆ ಹಾಕಿ ಬೀಗ ಜಡಿಯತೊಡಗಿದೆ.

ಹನ್ನೊಂದನೆಯ ದಿನ, ಊಟದ ಹೊತ್ತು, ರೋಶನಬಿ ಏದುಸಿರು ಬಿಡುತ್ತ ಗ್ಯಾರೇಜಿಗೆ ಬಂದಳು. "ಕೊಡ ಬಿದ್ದ ಸಪ್ಪಳಾತು, ಕರದ್ರ ಮಾತಿಲ್ಲ. ಕಲ್ಲಿಲೆ ಬೀಗ ಒಡದೀನಿ. ಆಕಿಗೆ ಎಚ್ಚರಿಲ್ಲೋ. ಟಾಂಗಾ ತಗೊಂಡು ಓಡು!"

ನಾನು ಟಾಂಗಾದಲ್ಲಿ ದವಾಖಾನೆಗೆ ಒಯ್ದೆ. ಹುಲಿಗೆವ್ವನ ತುಟಿ ನೀಲಿಯಾಗಿದ್ದವು. ಡಾಕ್ಟರಬಾಯಿ ನಾಡಿ ಹಿಡಿದುಕೊಂಡೇ ಕೇಳಿದರು, "ಏನು ಕುಡಿದಾಳ ಇಕಿ?"

"ಏನೂ ಇಲ್ರಿ. ಮೂರ್ಛಿ ರೋಗ ಅದರಿ."

"ಪೆಟ್ರೋಲ್ ವಾಸನಿ ಬರ್ತದಲ್ಲ?"

"ಅದು ನನ್ನ ಅಂಗೀದುರಿ ಬಾಯಾರ."

ಹೀಗೆ ಹೇಳಿದೆ. ಅವಳ ಜೀವ ಹೋಗುವ ಹೊತ್ತಿನಲ್ಲಿಯೂ ಹೀಗೆ ಹೇಳಿದೆ. ಅವರು ನನ್ನ ಅಂಗಿ ನೋಡಿದರು, ನಂಬಿದರು, ಮೂರ್ಛೆ ರೋಗಕ್ಕೆ ಏನು ಮಾಡಬೇಕೋ ಅದಕ್ಕೆ ಹೊರಟರು. ಅರ್ಧ ತಾಸಿನ ಮೇಲೆ ರೋಶನಬಿ ಬಂದಳು. ಸೆರಗಿನೊಳಗಿಂದ ಒಂದು ಬಾಟಲಿ ತೆಗೆದು ನನ್ನ ಮುಖಕ್ಕೆ ಹಿಡಿದಳು.

"ಜ್ವಾಳದ ಗಡಿಗ್ಯಾಗ ಸಿಕ್ತು. ನೀ ಹೇಳ್ತಿಯೋ, ನಾ ಹೇಳ್ಲ್ಯೋ? ಮಾನ ಹೋದ್ರ ನಿಂದು, ಜೀವ ಹೋದ್ರ ಆಕಿದು."

ಹೇಳಿದೆ. ಕುಬಸದ ಬಾಟಲಿಯನ್ನೂ ಹೇಳಿದೆ, ಬೀಗವನ್ನೂ ಹೇಳಿದೆ. ಡಾಕ್ಟರಬಾಯಿ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಲು ನನಗೂ ಒಂದು ದಾರಿ ಇರುತ್ತಿತ್ತು. ಔಷಧ ಬದಲಿಸಿ, ರಾತ್ರಿಯೆಲ್ಲ ನೋಡಿಕೊಂಡು, ಮರುದಿನ ಅವಳು ಕಣ್ಣು ತೆರೆದ ಮೇಲೆ ನನ್ನನ್ನು ಕೂಡಿಸಿಕೊಂಡು ಹೇಳಿದರು.

"ಈ ಹವಾ ಒಳಗ ಹೋದ್ರ ಎದಿ ಬಡಿತ ಒಮ್ಮೆಲೆ ನಿಲ್ಲಬಹುದು. ಮೊದಲ ಸಲ ಆಗಿರಲಿ, ನೂರನೇ ಸಲ ಆಗಿರಲಿ. ಮಿದುಳು, ನರ ಕೆಡತಾವ. ಹಟಕ್ಕ ಮಾಡ್ಯಾಳಂತ ತಿಳದೀಯಲ್ಲ, ಇದು ರೋಗಪ್ಪಾ. ಹೊಡದ್ರೂ ಹೋಗೂದಿಲ್ಲ, ಬೀಗ ಹಾಕಿದ್ರೂ ಹೋಗೂದಿಲ್ಲ. ಜೋಡಿ ಕೂತು ಬಿಡಿಸಬೇಕು."

ಇಪ್ಪತ್ತೆರಡು ದಿನ ಅಲ್ಲಿಯೇ ಇದ್ದಳು. ನಾನು ಗ್ಯಾರೇಜು ಬಿಟ್ಟು ತೊರವಿಯ ಹತ್ತಿರ ಕಲ್ಲಿನ ಖಣಿಗೆ ಕೂಲಿಗೆ ಹೋದೆ. ಮನೆಯಲ್ಲಿ ಆ ವಾಸನೆಯೇ ಇರಬಾರದು ಎಂದು ಡಾಕ್ಟರಬಾಯಿ ಹೇಳಿದ್ದರು. ಮನೆಗೆ ಬಂದ ಎರಡು ತಿಂಗಳಿಗೆ ಹುಲಿಗೆವ್ವ ಒಮ್ಮೆ ಮತ್ತೆ ಪೆಟ್ರೋಲ್ ಮೂಸಿದಳು. ಅವಳೇ ರೋಶನಬಿಯ ಬಾಗಿಲು ಬಡಿದು, "ತಪ್ಪಿದೆರೀ ಅಕ್ಕಾ, ಕರಕೊಂಡು ಹೋಗ್ರಿ," ಅಂದಳಂತೆ. ಇಬ್ಬರೂ ಕೂಡಿ ಮತ್ತೆ ದವಾಖಾನೆಗೆ ಹೋದರು. ಆಮೇಲೆ ಮುಟ್ಟಲಿಲ್ಲ. ಆದರೆ ಕೈ ನಡುಗುವುದು ನಿಲ್ಲಲಿಲ್ಲ. ರೊಟ್ಟಿ ಬಡಿಯುವುದನ್ನು ನಾನು ಕಲಿತೆ.

ಒಂದು ಶನಿವಾರ ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಅವಳು ಗೋಡೆಗೆ ಆತು ಕುಳಿತು ಕೇಳಿದಳು, "ಬೀಗ ಹಾಕಿ ಹೋಗ್ತಿದ್ರಲ್ಲ, ಆವಾಗ ನಾ ಒಳಗಿಂದ ಕರೀತಿದ್ದೆ. ದವಾಖಾನಿಗೆ ಒಯ್ರಿ ಅಂತ. ಕೇಳಸ್ತಿತ್ತೇನ್ರಿ?"

ಇಲ್ಲ ಅಂದಿದ್ದರೆ ಅವಳು ನಂಬುತ್ತಿದ್ದಳು.

"ಕೇಳಸ್ತಿತ್ತು," ಅಂದೆ.

ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಕಡೆಗೆ ಅಂದಳು, "ನಾಳಿ ಐತವಾರ. ಕೂಸಿನ್ನ ಕರಕೊಂಡು ಬರೂಣು ನಡ್ರಿ."

ತಿಕೋಟಾಕ್ಕೆ ಹೋದೆವು. ಪರಸವ್ವನಿಗೆ ಎರಡು ತುಂಬಿ ಮೂರು ತಿಂಗಳು. ನಮ್ಮನ್ನು ನೋಡಿದ್ದೇ ಅಜ್ಜಿಯ ಸೀರೆಯ ಹಿಂದೆ ಅಡಗಿತು. ಹುಲಿಗೆವ್ವ ನಡುಗುವ ಎರಡೂ ಕೈ ಚಾಚಿದಳು. ಕೂಸು ಆ ಕೈಗಳನ್ನು ನೋಡಿ ಹೆದರಿ ಅತ್ತಿತು.

"ಬಾರ ಬೇ, ನಿಮ್ಮವ್ವ ಅದಾಳ," ಅಂದಳು ಅವ್ವ. ಕೂಸು ಅವ್ವನನ್ನೇ ತಬ್ಬಿಕೊಂಡು, "ಇಕಿ ನಮ್ಮವ್ವ," ಅಂದಿತು.

ಜುಲುಮೆ ಮಾಡಿ ಎತ್ತಿಕೊಳ್ಳಲು ನಾನು ಎದ್ದೆ. ಹುಲಿಗೆವ್ವ ನನ್ನ ರಟ್ಟೆ ಹಿಡಿದು ಕೂಡಿಸಿದಳು. ಕೈ ನಡುಗುತ್ತಿದ್ದರೂ ಹಿಡಿತ ಗಟ್ಟಿಯಿತ್ತು. ಸಂಜೆಯ ಬಸ್ಸಿಗೆ ನಾವಿಬ್ಬರೇ ಮರಳಿದೆವು. ಮುಂದಿನ ಐತವಾರ ಮತ್ತೆ ಹೋದೆವು.